ದುರುಗವ್ವ ಬಗ್ಗಿಸಿದ ದಬ್ಬೆ

ಬಹಳ ಹಿಂದೆ, ಹೊಳೆಗೆ ಸೇತುವೆ ಕಟ್ಟಬಹುದೆಂದು ಯಾರಿಗೂ ತೋಚದಿದ್ದ ಕಾಲದಲ್ಲಿ, ಕೃಷ್ಣೆಯ ದಂಡೆಯ ಒಂದೂರಲ್ಲಿ ದುರುಗವ್ವ ಅಂತ ಒಬ್ಬಳಿದ್ದಳಂತೆ. ಹರಿಗೋಲು ಹೆಣೆಯುವವಳೂ ಅವಳೇ, ಹುಟ್ಟು ಹಾಕುವವಳೂ ಅವಳೇ. ಅವಳು ನೀರಿಗೆ ಕೈಯಿಟ್ಟರೆ ಮೀನುಗಳು ದಾರಿ ಬಿಡುತ್ತಿದ್ದವಂತೆ. ಕೇಳುವವರು ಒಳ್ಳೆಯವರಿದ್ದರೆ ಮೊಸಳೆಗಳೂ ಬಿಡುತ್ತಿದ್ದವು ಅಂತ ನಾನು ಹೇಳುತ್ತೇನೆ.

ಒಂದು ಮಳೆಗಾಲ ಹೊಳೆ ಏಕಾಏಕಿ ತುಂಬಿ ಬಂತಂತೆ. ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ಮಾಳಿಂಗ ಅಲ್ಲೇ ಸಿಕ್ಕಿಬಿದ್ದ. ನೋಡನೋಡುತ್ತಲೇ ಗಡ್ಡೆ ಸಣ್ಣದಾಗುತ್ತಿತ್ತು. ಹರಿಗೋಲು ಗಡ್ಡೆಯನ್ನು ಮುಟ್ಟಲೇಬೇಕು. ತಪ್ಪಿದರೆ ಸೆಳವು ಅದನ್ನು ಕೆಳಗಿನ ಬಂಡೆಗಳಿಗೆ ಅಪ್ಪಳಿಸುತ್ತದೆ. ಅದಕ್ಕೇ ಊರ ಅಂಬಿಗರು ಮಾರು ಮಾರಿಗೂ ಗಳ ಇಳಿಸಿ ನೀರಿನ ಓಟ ನೋಡತೊಡಗಿದರಂತೆ. ಮುಂದಿನ ಜಾಗ ನೋಡುವಷ್ಟರಲ್ಲಿ ಹಿಂದಿನದು ಬದಲಾಗಿರುತ್ತಿತ್ತು.

“ಮಾವಾ, ನೀವು ಎಲ್ಲಾ ಅಳದು ಮುಗಿಸೂದ್ರಾಗ ಮಾಳಿಂಗ ತಾನೇ ತೇಲಿ ಬರ್ತಾನ ಬಿಡ್ರಿ,” ಅಂದಳಂತೆ ದುರುಗವ್ವ.

“ಮತ್ತ ನೀ ಏನ್ ಮಾಡ್ತಿ, ಹೊಳೀನ್ನ ಕರದು ಕೇಳ್ತಿಯೇನು?” ಅಂತ ಗಳ ಹಿಡಿದಿದ್ದ ಅವಳ ಮಾವ ಸಿಡುಕಿದನಂತೆ.

ಅವಳು ಹರಿಗೋಲು ಹೆಣೆಯುವ ಹಸಿ ಬಿದಿರಿನ ದಬ್ಬೆಯೊಂದನ್ನು ತಂದಳು. ದಂಡೆಗೆ ತಾಗಿದ ನೀರು ಕದಲುವುದಿಲ್ಲ, ನಡುಹೊಳೆಯ ನೀರು ಓಡುತ್ತದೆ, ಇವೆರಡು ಗೊತ್ತಿದ್ದರೆ ನಡುವಿನದನ್ನು ದಬ್ಬೆಯೇ ಹೇಳುತ್ತದೆ ಅಂದಳಂತೆ. ಮರಳಿನಲ್ಲಿ ಒಂದು ತುದಿಯನ್ನು ದಂಡೆಯೆಂದು ನೆಟ್ಟು, ಇನ್ನೊಂದು ತುದಿಯನ್ನು ನಡುಹೊಳೆಯೆಂದು ಹೊಳೆ ಹರಿಯುವ ಕಡೆ ಬಗ್ಗಿಸಿದಳು. ದಬ್ಬೆ ತನ್ನಷ್ಟಕ್ಕೆ ನಯವಾಗಿ ಬಾಗಿತು. ಅದು ಎಲ್ಲಿ ಎಷ್ಟು ಸರಿದಿದೆಯೋ ಅಲ್ಲಿ ನೀರಿನ ಓಟ ಅಷ್ಟು ಅಂದಳು. ನೋಡಲೆಂದು ಒಂದು ಹಿಡಿ ಜೋಳದ ಅಳ್ಳನ್ನು, ಹುರಿದು ಅರಳಿಸಿದ ಹಗುರ ಕಾಳನ್ನು, ನೀರಿಗೆ ಎರಚಿದಳು. ಅಳ್ಳು ದಂಡೆಯ ಬಳಿ ನಿಂತಿತು, ಆಚೆಗೆ ತೆವಳಿತು, ಇನ್ನೂ ಆಚೆಗೆ ಓಡಿತು. ಹೆಚ್ಚುಕಡಿಮೆ ದಬ್ಬೆಯ ಬಾಗಿನಂತೆಯೇ. ಅಷ್ಟು ಸಾಕು ಅಂದಳು.

ಆ ನಿಧಾನದ ನೀರು ಎಲ್ಲಿಯವರೆಗೆ ಇರಬಹುದೆಂದು ಅಂದಾಜು ಮಾಡಿ, ದಂಡೆಗುಂಟ ಅದರೊಳಗೇ ಮೇಲಕ್ಕೆ ಹುಟ್ಟು ಹಾಕುತ್ತ ಹೋದಳಂತೆ. ಸೆಳವು ಎಷ್ಟು ಎಳೆದೀತೋ ಅಷ್ಟು ಮೇಲಕ್ಕೆ ಹೋಗಿ, ಅಲ್ಲಿಂದ ನಡುಹೊಳೆಗೆ ನುಗ್ಗಿದಳು. ಗುರಿಯಿಟ್ಟದ್ದು ಗಡ್ಡೆಯ ಮೇಲ್ತುದಿಗೆ, ಅದರ ತಲೆಗೆ. ಮುಟ್ಟಿದ್ದು ಕೆಳತುದಿಗೆ, ಬಾಲಕ್ಕೆ! ಕೊನೆಯ ಜಾಲಿಗಿಡ ಕೈಗೆ ಸಿಕ್ಕಿತಂತೆ, ಮುಳ್ಳು ಸಮೇತ.

ತಲೆಯ ಕಡೆ ಕಾಯುತ್ತಿದ್ದ ಮಾಳಿಂಗ ಗಡ್ಡೆಯುದ್ದಕ್ಕೂ ಬೈಯುತ್ತಲೇ ಓಡಿಬಂದ. “ಯವ್ವಾ, ನಾ ಅಲ್ಲಿ ನಿಂತೀನಿ, ನೀ ಇಲ್ಲಿ ಬಂದೀಯಲ್ಲ!”

“ಇದೂ ಗಡ್ಡೀನ ಹೌದಲ್ಲೋ? ಹತ್ತು!”

ಕುರಿಗಳೂ ಹತ್ತಿದವಂತೆ. ಎಷ್ಟು ಅಂತ ಕೇಳಬೇಡಿ. ಹೋದ ವರ್ಷ ಹೇಳಿದ್ದಕ್ಕಿಂತ ಈ ವರ್ಷ ಹೆಚ್ಚಾಗಿವೆ.

ಈಗಲೂ ಗಡ್ಡೆಯ ತಲೆಯ ಕಡೆ ಇಳಿಯಲು ಸಲೀಸಾದ ಜಾಗವಿದೆ. ಆದರೂ ದುರುಗವ್ವನ ನೆನಪಿಗೆಂದು ಅಂಬಿಗರು ಹರಿಗೋಲನ್ನು ಬಾಲಕ್ಕೇ ಹಚ್ಚುತ್ತಾರೆ. ಮದುಮಗಳಿರಲಿ, ಗೊಬ್ಬರದ ಚೀಲವಿರಲಿ, ಅಲ್ಲೇ ಇಳಿದು ಗಡ್ಡೆಯುದ್ದಕ್ಕೂ ನಡೆಯಬೇಕು. ನಡೆಯುವಾಗ ಗೊಣಗುವವರೂ ಇದ್ದಾರೆ. ಅದು ಮಾಳಿಂಗನ ಪಾಲಿನ ನೆನಪು ಅಂತಾರೆ.