ಕಣ್ಣು ಕೊಟ್ಟೆ ಎಂದ ಜಿಂಕೆ

ಮಕ್ಕಳೇ, ಕೈಯಲ್ಲಿರುವುದನ್ನು ಕೆಳಗಿಟ್ಟರೆ ಕತೆ ಶುರು ಮಾಡುತ್ತೇನೆ. ಇಟ್ಟಿರಾ? ಬೋರಲು ಹಾಕಿ ಇಡಿ. ಸರಿ.

ಒಂದು ಕುರುಚಲು ಕಾಡು. ಅದರ ನಡುವೆ ನೇರಳೆ ಹೊಂಡ. ಸುತ್ತಲಿನ ಹಳ್ಳಗಳು ಬತ್ತಿದರೂ ಆ ಹೊಂಡದಲ್ಲಿ ನೀರಿರುತ್ತಿತ್ತು. ಜಿಂಕೆ, ಕಾಡುಹಂದಿ, ಮುಳ್ಳುಹಂದಿ, ಉದ್ದ ಬಾಲದ ಮುಸುವ, ಎಲ್ಲರೂ ಬಾಯಾರಿದರೆ ಅಲ್ಲಿಗೇ ಬರಬೇಕು. ಎಲ್ಲರೂ ಬರುವ ಜಾಗ ಎಂದ ಮೇಲೆ ಚಿರತೆಗೆ ಗೊತ್ತಿರುವುದಿಲ್ಲವೇ? ದಡದ ಮೇಲೆ ಎದೆಯೆತ್ತರದ ಹುಲ್ಲಿತ್ತು. ಚಿರತೆ ಅದರೊಳಗೆ ಎಲ್ಲೋ ಇರುತ್ತಿತ್ತು.

ಅದಕ್ಕೇ ಅಲ್ಲಿ ಒಂದು ಪದ್ಧತಿ. ನೀರಿಗೆ ತಲೆ ಬಗ್ಗಿಸುವ ಮೊದಲು ಪಕ್ಕದವರಿಗೆ "ಕಣ್ಣು ಕೊಡು" ಎನ್ನಬೇಕು. ಪಕ್ಕದವರು ತಲೆ ಎತ್ತಿ, ಹುಲ್ಲಿನ ಕಡೆ ತಿರುಗಿ ನಿಂತು "ಕೊಟ್ಟೆ" ಎನ್ನಬೇಕು. ಆಮೇಲೆ ನೀವು ಹೊಟ್ಟೆ ತುಂಬ ಕುಡಿಯಬಹುದು. ಅವರು ಕುಡಿಯುವಾಗ ನೀವು ಕೊಡಬೇಕು. ಜಗಳವಾಡಿ ಮಾತು ಬಿಟ್ಟವರೂ ಹೊಂಡದ ಬಳಿ ಮಾತ್ರ ಕಣ್ಣು ಕೊಡುತ್ತಿದ್ದರು.

ಅಲ್ಲಿಗೆ ಬರುವವರಲ್ಲಿ ಚುಕ್ಕಿ ಎಂಬ ಜಿಂಕೆಯೂ ಒಬ್ಬಳು. ಅವಳಿಗೆ ಎಲ್ಲದರ ಮೇಲೂ ಅನುಮಾನ. ಎಲೆ ಬಿದ್ದರೆ, ಯಾರು ಬೀಳಿಸಿದರು ಎನ್ನುವಳು. ಯಾರಾದರೂ ನಕ್ಕರೆ, ಯಾರನ್ನು ನೋಡಿ ನಕ್ಕರು ಎನ್ನುವಳು. ಮಗಳು ಮಿಣಕಿ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಿಣಕಿಯ ಕಾಲುಗಳು ಇನ್ನೂ ಕಡ್ಡಿಯಂತಿದ್ದವು. ಓಡಲು ಹೋದರೆ ಒಂದಕ್ಕೊಂದು ತೊಡರಿ ಮಗು ಮುಗ್ಗರಿಸುತ್ತಿತ್ತು. ಅಂಥ ಮಗುವಿನ ತಾಯಿ ಅನುಮಾನಪಡದೆ ಇನ್ನೇನು ಮಾಡಬೇಕು, ನೀವೇ ಹೇಳಿ.

ಒಂದು ದಿನ ಕಾಗೆ ಏನೋ ಹೊಳೆಯುವುದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಬಂದ. ಗುಡ್ಡದ ಕಲ್ಲುಸಂದಿನಲ್ಲಿ ಪದರ ಪದರವಾಗಿ ಸಿಗುತ್ತದಲ್ಲ, ಕಾಗೆಬಂಗಾರ, ಅದರ ಹಾಳೆ. ಬಿಸಿಲಿಗೆ ಹಿಡಿದರೆ ಬಣ್ಣ ಬಣ್ಣ. ಮುಖದ ಮುಂದೆ ಹಿಡಿದರೆ ಮಸುಕಾಗಿ ನಿಮ್ಮದೇ ಮುಖ. ಸ್ವಲ್ಪ ಓರೆ ಮಾಡಿದರೆ ಪಕ್ಕದವರ ಮುಖ.

"ಎಲ್ಲರಿಗೂ ಒಂದೊಂದು," ಎಂದ ಕಾಗೆ. "ಪುಕ್ಕಟೆ. ಹೆಸರಲ್ಲೇ ಇದೆಯಲ್ಲ, ಇದು ನಮ್ಮ ಮನೆ ಬಂಗಾರ. ನಾಲ್ಕು ಜನಕ್ಕೆ ಹಂಚೋಣ ಅನ್ನಿಸಿತು."

ಮುಸುವ ನೇರಳೆ ಮರದಿಂದ ಮೊದಲು ಕೈ ಚಾಚಿದ. ಹಂದಿ ಮಾವ ಕೋರೆಗೆ ಕೆಸರು ಮೆತ್ತಿ ಅಂಟಿಸಿಕೊಂಡ. ಕಾಗೆ ಗುಡ್ಡಕ್ಕೂ ಹೊಂಡಕ್ಕೂ ಹಾರಾಡಿ ಸಂಜೆಯೊಳಗೆ ಎಲ್ಲರಿಗೂ ಹಂಚಿದ.

ಚುಕ್ಕಿಯ ಮುಂದೆಯೂ ಒಂದು ತಂದಿಟ್ಟ. ಅವಳು ಮೂಸಿಯೂ ನೋಡಲಿಲ್ಲ.

"ನೀನು ಯಾವತ್ತು ಯಾರಿಗೆ ಏನು ಕೊಟ್ಟಿದ್ದೀಯ? ಮಗು ನೋಡೋಕೆ ಬಂದು ಹೆರಿಗೆಯ ಮಾಸು ಎತ್ತಿಕೊಂಡು ಹೋದವನು ನೀನು."

"ಹಳೇದೆಲ್ಲ ಈಗ ಯಾಕಮ್ಮ?"

"ನಿನ್ನ ಹತ್ತಿರ ಒಂದೂ ಇಲ್ಲವಲ್ಲ, ಅದು ಯಾಕೆ?"

ಕಾಗೆ ಕತ್ತು ಓರೆ ಮಾಡಿ ಅವಳನ್ನು ಒಂದೇ ಕಣ್ಣಿನಲ್ಲಿ ನೋಡಿದ. "ಹಂಚೋದರಲ್ಲೇ ಖಾಲಿಯಾಗುತ್ತೆ ಕಣಮ್ಮ," ಎಂದು ಹಾರಿಹೋದ.

ಆಮೇಲೆ ಹೊಂಡದ ದಾರಿಯ ಅವತಾರ ನೋಡಬೇಕಿತ್ತು. ಎಲ್ಲರ ತಲೆಯೂ ಕೆಳಗೆ. ಹಂದಿ ಮಾವ ನಡೆಯುತ್ತ ನಡೆಯುತ್ತ ಮುಳ್ಳುಹಂದಿಗೆ ಡಿಕ್ಕಿ ಹೊಡೆದ. ಮೂತಿ ತುಂಬ ಮುಳ್ಳು ನೆಟ್ಟರೂ ಕೋರೆಯ ಮೇಲಿನ ಹಾಳೆಯಿಂದ ಕಣ್ಣು ತೆಗೆಯದೆ "ಸ್ವಲ್ಪ ಸರಿಯಮ್ಮ" ಎಂದು ಮುಂದೆ ಹೋದ. ಮುಳ್ಳುಹಂದಿಯೂ ತನ್ನ ಹಾಳೆ ನೋಡುತ್ತಲೇ "ಹೂಂ" ಎಂದಳು.

ಪದ್ಧತಿ ಮಾತ್ರ ನಿಂತಿರಲಿಲ್ಲ. "ಕಣ್ಣು ಕೊಡು" ಎಂದರೆ ಎಲ್ಲರೂ "ಕೊಟ್ಟೆ" ಎನ್ನುತ್ತಿದ್ದರು. ತಲೆ ಎತ್ತುತ್ತಿರಲಿಲ್ಲ, ಅಷ್ಟೇ.

ಚುಕ್ಕಿ ಇದನ್ನೆಲ್ಲ ನೋಡಿ ಮೂಗು ಮುರಿದಳು. ಅವಳನ್ನೇ ಗಮನಿಸುತ್ತಿದ್ದ ಕಾಗೆ ಮತ್ತೆ ಬಂದ.

"ನಿಜ ಹೇಳಬೇಕು ಅಂದರೆ ಇದು ಬೇಕಾಗಿರೋದು ನಿನಗೇ. ಒಂದು ಕಲ್ಲಿಗೆ ಒರಗಿಸಿಟ್ಟರೆ ಕತ್ತು ತಿರುಗಿಸದೇ ಬೆನ್ನ ಹಿಂದಿನದೆಲ್ಲ ಕಾಣುತ್ತೆ. ಮಗು ಇರೋಳು ನೀನು."

"ನನ್ನ ಬೆನ್ನ ಹಿಂದೆ ಏನಿದೆ?"

"ಏನಿಲ್ಲ. ನೀನು ಆ ಕಡೆ ಹೋದ ತಕ್ಷಣ ಮುಸುವ ಹಂದಿ ಮಾವನ ಕಿವಿಯಲ್ಲಿ ಏನೋ ಹೇಳ್ತಾ ಇರ್ತಾನೆ. ಏನು ಅಂತ ಕೇಳಬೇಡ, ನಾನು ಹೇಳಲ್ಲ."

ಆ "ಹೇಳಲ್ಲ" ಒಂದೇ ಚುಕ್ಕಿಗೆ ಸಾಕಾಯಿತು. ಅಲ್ಲಿಯವರೆಗೆ ಕಾಗೆಯ ಮೇಲಿದ್ದ ಅನುಮಾನ ಎದ್ದು ಹೋಗಿ ಮುಸುವನ ಮೇಲೆ ಕೂತಿತು. ಕಾಗೆ ಮೊದಲೇ ತಂದಿಟ್ಟಿದ್ದ ಹಾಳೆಯನ್ನು ಬಾಯಲ್ಲಿ ಕಚ್ಚಿ ತಂದು ಹೊಂಡದ ಅಂಚಿನ ಕಲ್ಲಿಗೆ ಒರಗಿಸಿದಳು. ನಾನೇನು ಇವರ ಹಾಗೆ ಮುಖ ನೋಡಿಕೊಂಡು ಕೂರುವವಳಲ್ಲ, ಕಾವಲಿಗೆ ಇಟ್ಟುಕೊಂಡಿದ್ದೇನೆ ಎಂದುಕೊಂಡಳು.

ಕಾವಲು ಹೇಗೆ ನಡೆಯಿತು ಕೇಳಿ. ಮುಸುವ ಹಲ್ಲು ಕಿರಿದರೆ ಚುಕ್ಕಿ ಹಾಳೆಯನ್ನು ಮೂತಿಯಿಂದ ಆ ಕಡೆ ದೂಡುವಳು. ನನ್ನನ್ನು ನೋಡಿಯೇ ನಕ್ಕ ಎಂದುಕೊಳ್ಳುವಳು. ಹಂದಿ ಮಾವ ಗುಟುರು ಹಾಕಿದರೆ ಈ ಕಡೆ ದೂಡುವಳು. ನನ್ನ ವಿಷಯವೇ ಇರಬೇಕು. ಪಾಪ, ಮುಸುವ ನಗುತ್ತಿದ್ದದ್ದು ತನ್ನದೇ ಮೂತಿ ನೋಡಿಕೊಂಡು. ಹಂದಿ ಮಾವನಿಗೆ ಮುಳ್ಳು ನೋಯುತ್ತಿತ್ತು.

ಒಂದು ಮಧ್ಯಾಹ್ನ ಗಾಳಿಯೇ ಇರಲಿಲ್ಲ. ಚುಕ್ಕಿ ಹಾಳೆಯ ಮುಂದೆ ನಿಂತಿದ್ದಳು, ಹುಲ್ಲಿಗೆ ಬೆನ್ನು ಮಾಡಿ. ಮಿಣಕಿಗೆ ಬಾಯಾರಿತು. ಅಮ್ಮ ಕಲಿಸಿಕೊಟ್ಟಿದ್ದ ಮಾತನ್ನು ಅವಳು ಅವತ್ತೇ ಮೊದಲ ಸಲ ತಾನಾಗಿ ಹೇಳಿದಳು.

"ಅಮ್ಮ, ಕಣ್ಣು ಕೊಡು."

"ಕೊಟ್ಟೆ," ಎಂದಳು ಚುಕ್ಕಿ. ಹಾಳೆಯಲ್ಲಿ ಮುಸುವ ತುಟಿ ಅಲ್ಲಾಡಿಸುತ್ತಿದ್ದ.

ಮಿಣಕಿ ಮುಂಗಾಲು ಅಗಲಿಸಿ ನೀರಿಗೆ ಬಗ್ಗಿದಳು. ಸ್ವಲ್ಪ ಕುಡಿದು ತಲೆ ಎತ್ತಿದಳು.

"ಅಮ್ಮ, ಹುಲ್ಲು ನಡೀತಾ ಇದೆ."

"ಗಾಳಿ ಕಣೇ."

"ಗಾಳಿ ಇಲ್ಲವಲ್ಲಮ್ಮ."

"ಕೊಟ್ಟಿದ್ದೀನಿ ಅಂದೆನಲ್ಲ. ಕುಡಿ ಸುಮ್ಮನೆ."

ಅಮ್ಮ ಕೊಟ್ಟಿದ್ದೀನಿ ಎಂದ ಮೇಲೆ ಮಗುವಿಗೆ ಇನ್ನೇನು ಬೇಕು? ಮಿಣಕಿ ಮತ್ತೆ ಬಗ್ಗಿದಳು.

ಅಷ್ಟರಲ್ಲಿ ಹಾಳೆಯ ಒಂದು ಮೂಲೆಯಲ್ಲಿ ಚುಕ್ಕೆಗಳು ಕಂಡವು. ನುಣುಪು ಮೈ, ಮೈತುಂಬ ಚುಕ್ಕೆ. ಅರೆ, ನನ್ನ ಮೈ ಇದರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದುಕೊಂಡಳು ಚುಕ್ಕಿ. ಕತ್ತು ನೀಳ ಮಾಡಿ ಇನ್ನೂ ಸ್ವಲ್ಪ ನೋಡಿದಳು.

ಚುಕ್ಕೆಗಳು ಮುಂದೆ ಸರಿದವು.

ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು. ಅವಳ ಚುಕ್ಕೆಗಳು ಬಿಳಿ. ಇವು ಕಪ್ಪು.

ಚುಕ್ಕಿ ಕೂಗಿದ ಕೂಗಿಗೆ ಕಲ್ಲಿನಿಂದ ಹಾಳೆ ಜಾರಿತು. ಮಿಣಕಿ ಗಾಬರಿಬಿದ್ದು ಓಡಲು ಹೋದಳು, ಕಾಲಿಗೆ ಕಾಲು ತೊಡರಿ ಪಕ್ಕಕ್ಕೆ ಉರುಳಿದಳು. ಉರುಳಿದ್ದೇ ಒಳ್ಳೆಯದಾಯಿತು. ಚಿರತೆಯ ಪಂಜ ಕತ್ತಿಗೆ ಬೀಳಬೇಕಾದದ್ದು ಕಿವಿಯ ತುದಿಗೆ ತಗುಲಿತು. ಅದು ಬಿದ್ದ ರಭಸಕ್ಕೆ ಕೆಸರು ಮರದವರೆಗೆ ಹಾರಿತು. ಮುಸುವ ಆಗ ಎಚ್ಚೆತ್ತು ಕೊಂಬೆ ಅಲ್ಲಾಡಿಸುತ್ತ ಅರಚಿದ. ಎಲ್ಲರ ತಲೆಯೂ ಎದ್ದಿತು. ಇಷ್ಟು ಕಣ್ಣುಗಳ ಮುಂದೆ ಬೇಟೆ ನಡೆಯುವುದಿಲ್ಲ ಎಂದು ಚಿರತೆಗೆ ಗೊತ್ತು. ಅವಸರವೇ ಇಲ್ಲದವರಂತೆ ಹುಲ್ಲಿನೊಳಗೆ ನಡೆದುಹೋಯಿತು.

ಚುಕ್ಕಿ ಮಗಳ ಕಿವಿ ನೆಕ್ಕಿದಳು. ತುದಿ ಎರಡಾಗಿ ಸೀಳಿತ್ತು. ಆಮೇಲೆ ಮರದ ಕಡೆ ತಿರುಗಿದಳು.

"ಮುಸುವಣ್ಣ, ಮರದ ಮೇಲೆ ಕೂತವನಿಗೆ ಹುಲ್ಲು ಕಾಣಲಿಲ್ಲವೇ? ನನ್ನ ಬಗ್ಗೆ ಆಡಿಕೊಳ್ಳೋದರಲ್ಲೇ ಇದ್ದೆಯಾ?"

"ನಿನ್ನ ಬಗ್ಗೆಯಾ? ನಿನ್ನ ಮುಖ ನೋಡಿ ಎಷ್ಟು ದಿನವಾಯಿತೋ ನನಗೇ ನೆನಪಿಲ್ಲ ತಂಗಿ. ಅಷ್ಟಕ್ಕೂ ಮಗುವಿಗೆ ಕಣ್ಣು ಕೊಟ್ಟವರು ಯಾರು?"

ನಾಚಿ ತಲೆ ತಗ್ಗಿಸಲು ಹೋದ ಚುಕ್ಕಿ ಹೆದರಿ ಅರ್ಧಕ್ಕೇ ಎತ್ತಿದಳು. ಎತ್ತಿದಾಗ ಕಂಡದ್ದು ಕಾಗೆ. ಮರದ ಮೇಲಲ್ಲ. ಹೊಂಡದ ಅಂಚಿನ ಕೆಸರಿನಲ್ಲಿ, ಮಿಣಕಿ ಕುಡಿಯುತ್ತಿದ್ದ ಜಾಗದ ಪಕ್ಕದಲ್ಲೇ, ಕೊಕ್ಕನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದ.

"ನೀನು ಯಾವಾಗ ಬಂದೆ?" ಎಂದಳು ಚುಕ್ಕಿ.

"ಆಗಲೇ ಬಂದೆನಲ್ಲ."

"ಚಿರತೆಗಿಂತ ಮೊದಲಾ, ಆಮೇಲಾ?"

ಕಾಗೆ ಒಂದು ಹೆಜ್ಜೆ ಹಿಂದಕ್ಕೆ ಕುಪ್ಪಳಿಸಿದ.

"ಬಡಿಸುವ ಮೊದಲೇ ಪಂಕ್ತಿಯಲ್ಲಿ ಕೂತಿದ್ದೀಯ," ಎಂದಳು ಚುಕ್ಕಿ. "ಚಿರತೆ ತಿಂದು ಬಿಟ್ಟ ಮೇಲೆ ಮಿಕ್ಕಿದ್ದು ಯಾರಿಗೆ ಅಂತ ನಾವು ಕೇಳಲೇ ಇಲ್ಲ. ನಿನ್ನ ಹತ್ತಿರ ಹಾಳೆ ಯಾಕಿಲ್ಲ ಅಂತ ಈಗ ಗೊತ್ತಾಯಿತು. ಎಲ್ಲರೂ ಅದರೊಳಗೆ ನೋಡುವಾಗ ಒಬ್ಬರಾದರೂ ಹೊರಗೆ ನೋಡಬೇಕಲ್ಲ."

ಮುಸುವ ಮರದಿಂದ ಇಳಿದೇ ಬಂದ. ಕಾಗೆ ಹಾರಿ ತಪ್ಪಿಸಿಕೊಂಡ, ಬಾಲದ ಗರಿಗಳು ಮಾತ್ರ ಮುಸುವನ ಮುಷ್ಟಿಯಲ್ಲಿ ಉಳಿದವು. ಒಬ್ಬೊಬ್ಬರಾಗಿ ಹಾಳೆಗಳನ್ನು ಹೊಂಡಕ್ಕೆ ಎಸೆದರು. ಹಂದಿ ಮಾವ ಎಲ್ಲರಿಗಿಂತ ಕೊನೆಗೆ, ಇನ್ನೊಂದು ಸಲ ನೋಡಿಕೊಂಡು, ಎಸೆದ.

ಮಾರನೆಯ ದಿನ ಬಿಸಿಲೇರಿದಾಗ ಚುಕ್ಕಿ ಮಗಳನ್ನು ಹೊಂಡಕ್ಕೆ ಕರೆತಂದಳು. ಮಿಣಕಿಯ ನಾಲಿಗೆ ಒಣಗಿತ್ತು.

"ಕುಡಿ ಮಗಳೇ. ಕಣ್ಣು ಕೊಟ್ಟೆ."

ಮಿಣಕಿ ಬಗ್ಗಲಿಲ್ಲ. ಸೀಳಿದ ಕಿವಿಯನ್ನು ಒಮ್ಮೆ ಕೊಡವಿ, ಅಮ್ಮನ ಮುಖವನ್ನೇ ನೋಡಿದಳು.

"ಕೊಟ್ಟೆ ಅಂದೆನಲ್ಲೇ."

"ನಿನ್ನೆಯೂ ಅಂದಿದ್ದೆ," ಎಂದಳು ಮಿಣಕಿ. "ತೋರಿಸು."

ಇಡೀ ಕಾಡನ್ನು ಅನುಮಾನದಿಂದ ನೋಡಿದವಳನ್ನು ಈಗ ಹೆತ್ತ ಮಗಳೇ ಹಾಗೆ ನೋಡುತ್ತಿದ್ದಳು. ಚುಕ್ಕಿ ತಲೆ ಎತ್ತಿ, ಹುಲ್ಲಿನ ಕಡೆ ತಿರುಗಿ ನಿಂತಳು. ಮಿಣಕಿ ಸುತ್ತಿಕೊಂಡು ಮುಂದೆ ಬಂದು, ಅಮ್ಮನ ಎರಡೂ ಕಣ್ಣು ಎಲ್ಲಿವೆ ಎಂದು ನೋಡಿದಳು. ಆಮೇಲೆ ಹೋಗಿ ನೀರು ಕುಡಿದಳು. ಕುಡಿಯುವಾಗಲೂ ಆ ಹರಿದ ಕಿವಿ ಅಮ್ಮನ ಕಡೆಗೇ ತಿರುಗಿತ್ತು.

ನೀತಿ: ದಾರಿಯಲ್ಲಾಗಲಿ ಬಸ್ಸಿನಲ್ಲಾಗಲಿ, ಕಣ್ಣನ್ನು ಮೊಬೈಲಿಗೆ ಕೊಟ್ಟವರು "ನಾನು ನೋಡ್ಕೋತೀನಿ" ಎಂದು ಪಕ್ಕದವರಿಗೆ ಮಾತು ಕೊಡಬಾರದು; ಆ ಮಾತು ನಂಬಿದವರೇ ಮೊದಲು ಪೆಟ್ಟು ತಿನ್ನುತ್ತಾರೆ.