ಮಾಳವ್ವನ ಮೂರು ತೋಳದ ಮರಿಗಳು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡದ ಮೇಲೆ ಕೈ ಊರಿದರೆ ಕೈಯಚ್ಚು ಮೂಡುತ್ತಿತ್ತು. ಹೊಳೆಗೆ ಇನ್ನೂ ದಾರಿ ಗೊತ್ತಿರಲಿಲ್ಲ. ಬೆಳಿಗ್ಗೆ ಮೂಡಣಕ್ಕೆ ಹೊರಟು, ಮಧ್ಯಾಹ್ನದ ಹೊತ್ತಿಗೆ "ಛೇ, ಇದಲ್ಲ ಅನ್ಸುತ್ತೆ" ಎಂದು ಪಡುವಣಕ್ಕೆ ತಿರುಗುತ್ತಿತ್ತು. ನಗಬೇಡ. ನೀನು ನಡೆಯೋದು ಕಲಿಯುವಾಗ ಇದಕ್ಕಿಂತ ಕಡೆಯಾಗಿದ್ದೆ. ನಾನು ನೋಡಿದ್ದೀನಿ.

ಆಗ ಹುಲ್ಲುಬಯಲಿನ ನಡುವೆ ಮಾಳವ್ವ, ಜಕ್ಕಪ್ಪ ಎಂಬ ಗಂಡ ಹೆಂಡತಿ ಕುರಿ ಮೇಯಿಸಿಕೊಂಡು ಇದ್ದರು. ಜಾಲಿಮುಳ್ಳಿನ ಬೇಲಿ, ಬೇಲಿಯೊಳಗೆ ಹಟ್ಟಿ, ಹಟ್ಟಿ ತುಂಬ ಕುರಿ. ಅವರಿಗೆ ಮಕ್ಕಳಿರಲಿಲ್ಲ. ಕುರಿ ಇದ್ದವಲ್ಲ ಅನ್ನುತ್ತೀಯೇನೋ. ಎರಡೂ ಒಂದೇ ಅಲ್ಲ, ಸುಮ್ಮನೆ ಕೇಳು.

ಒಂದು ದಿನ ಬೆಳಿಗ್ಗೆ ಹೊಳೆ ನೇರವಾಗಿ ಅವರ ಹಟ್ಟಿಯ ಬಾಗಿಲಿಗೇ ಬಂದು ನಿಂತಿತು. ಅದರ ಮುಖ ಸಪ್ಪಗಿತ್ತು.

"ಮಾಳವ್ವ, ನನ್ನಿಂದ ತಪ್ಪಾಗೈತಿ," ಅಂದಿತು ಹೊಳೆ. "ಒಂದು ತೋಳ ನನ್ನ ದಾಟಾಕತ್ತಿತ್ತು. ಅದು ನಡುನೀರಾಗ ಇದ್ದಾಗ ನಾನು ದಾರಿ ಬದಲಿಸಿಬಿಟ್ಟೆ. ಅದು ಉಳೀಲಿಲ್ಲ. ಅದರ ಮರಿ ಇಲ್ಲಿ ಅದಾವ, ನೋಡು."

ನೀರಿನ ಅಂಚಿನಲ್ಲಿ ಮೂರು ಮರಿಗಳು ಇದ್ದವು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಇವು ಏನು ತಿಂತಾವ?" ಎಂದು ಕೇಳಿದ ಜಕ್ಕಪ್ಪ. ಅವನಿಗೆ ಎಲ್ಲದಕ್ಕೂ ಮೊದಲು ಈ ಪ್ರಶ್ನೆ.

"ನನಗೇನು ಗೊತ್ತು? ನಾನು ನೀರು," ಅಂದಿತು ಹೊಳೆ. ಹೇಳಿ ಸರಸರ ಹೊರಟುಹೋಯಿತು.

ಆ ಕಾಲದಲ್ಲಿ ತೋಳ ಏನು ತಿನ್ನುತ್ತೆ ಅಂತ ಯಾರೂ ಹತ್ತಿರದಿಂದ ನೋಡಿರಲಿಲ್ಲ. ಮಾಳವ್ವ ಮರಿಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಒಂದು ಕೆಂಪಗಿತ್ತು, ಅದಕ್ಕೆ ಕೆಂಚ ಅಂದಳು. ಒಂದು ಹೆಣ್ಣುಮರಿ ಆಗಲೇ ಅವಳ ಬೆರಳು ಕಚ್ಚಿ ಬಿಡದೆ ಹಿಡಿದುಕೊಂಡಿತ್ತು, ಅದಕ್ಕೆ ಮೊಂಡಿ ಅಂದಳು. ಎಲ್ಲಕ್ಕಿಂತ ಸಣ್ಣದು ಸಣ್ಯಾ.

ಕುರಿ ಸಾಕುವವರಿಗೆ ಒಂದು ಉಪಾಯ ಗೊತ್ತು. ಮರಿ ಕಳಕೊಂಡ ಕುರಿಗೆ ತಬ್ಬಲಿ ಮರಿ ಒಗ್ಗಿಸಬೇಕಾದರೆ ಮರಿಯ ಮೈಗೆ ಉಪ್ಪುನೀರು ಸವರುತ್ತಾರೆ. ಕುರಿ ಉಪ್ಪಿನ ಆಸೆಗೆ ನೆಕ್ಕುತ್ತೆ. ನೆಕ್ಕುತ್ತ ನೆಕ್ಕುತ್ತ ಇದು ನನ್ನದೇ ಅನ್ನಿಸಿಬಿಡುತ್ತೆ. ಮಾಳವ್ವನೂ ಹಾಗೇ ಮಾಡಿದಳು. ಮೂರಕ್ಕೂ ಉಪ್ಪುನೀರು ಸವರಿ, ಆ ವಾರ ಮರಿ ಕಳಕೊಂಡಿದ್ದ ಬೋರಿ ಎಂಬ ಕುರಿಯ ಮುಂದೆ ಬಿಟ್ಟಳು.

ಬೋರಿ ನೆಕ್ಕಿತು. ಮರಿಗಳು ಹಾಲು ಕುಡಿದವು. ಹದಿನೈದು ದಿನ ಕಳೆದ ಮೇಲೆ ಬೋರಿ ಮಾಳವ್ವನನ್ನು ಪಕ್ಕಕ್ಕೆ ಕರೆಯಿತು.

"ತಪ್ಪು ತಿಳಕೋಬ್ಯಾಡ. ಕೂಸುಗಳಿಗೆ ಹಲ್ಲು ಬಹಳ ಲಗೂ ಬಂದಾವ."

"ಹುಷಾರಿ ಮಕ್ಕಳು," ಅಂದಳು ಮಾಳವ್ವ.

"ಹುಷಾರಿ ಏನೋ ಖರೆ," ಎಂದು ಬೋರಿ ಕೆಚ್ಚಲು ಮುಚ್ಚಿಕೊಂಡು ಕೂತಿತು.

ಅಂತೂ ಮರಿಗಳು ಬೆಳೆದವು. ಮಾಳವ್ವನಿಗೆ ಅವ್ವ ಅನ್ನುತ್ತಿದ್ದವು, ಬೋರಿಗೆ ಚಿಗವ್ವ ಅನ್ನುತ್ತಿದ್ದವು. ಮಾಳವ್ವ ದಿನವಿಡೀ ಬಾಗಿಲಲ್ಲಿ ಕೂತು ಅವುಗಳನ್ನೇ ನೋಡುತ್ತಿದ್ದಳು. ನೋಡಿದ್ದನ್ನೆಲ್ಲ ಊಟದ ಹೊತ್ತಿಗೆ ಗಂಡನಿಗೆ ಹೇಳುತ್ತಿದ್ದಳು.

"ಕೇಳ್ರಿಲ್ಲಿ. ಇವತ್ತು ಕೆಂಚ ಗೌಡ ಆಗ್ಯಾನ. ಬಾಲ ಎತ್ತಿಕೊಂಡು ತಿರುಗ್ತಾನ. ಉಳಿದವು ಅವನ ಮುಂದ ಹೊಟ್ಟಿ ಮ್ಯಾಲೆ ಮಾಡಿ ಮಲಗ್ತಾವ."

ಮರುದಿನ, "ಕೇಳ್ರಿಲ್ಲಿ. ಇವತ್ತು ಮೊಂಡಿ ಗೌಡತಿ. ಕೆಂಚ ಬಾಲ ಮಡಚಿಕೊಂಡು ಮೂಲ್ಯಾಗ ಕೂತಾನ."

"ಸಣ್ಯಾ?"

"ಅವನು ಪಾಪ, ಯಾರು ಗೌಡರಾದ್ರೂ ಮಲಗ್ತಾನ."

ಚಿಗವ್ವ ಹುಲ್ಲು ತಿನ್ನುವುದು ನೋಡಿ ಮರಿಗಳೂ ಹುಲ್ಲು ತಿಂದವು. ತಿಂದು ಜಕ್ಕಪ್ಪನ ಕಂಬಳಿಯ ಮೇಲೆ ಕಕ್ಕಿದವು. ಮಾಳವ್ವ ಜೋಳದ ಅಂಬಲಿ ಕೊಟ್ಟಳು. ಕುಡಿದವು, ಆದರೆ ಮೈಗೆ ಹತ್ತಲಿಲ್ಲ. ಪಕ್ಕೆಲುಬು ಎಣಿಸುವ ಹಾಗೆ ಕಾಣತೊಡಗಿದವು. ಮಾಳವ್ವ ಅದನ್ನೂ ನೋಡಿದಳು. ಅದನ್ನು ಮಾತ್ರ ಗಂಡನಿಗೆ ಹೇಳಲಿಲ್ಲ.

ಒಂದು ದಿನ ಗಾಳಿ ಬಯಲಿನಿಂದ ಮೊಲದ ವಾಸನೆ ಹೊತ್ತುಕೊಂಡು ಬಂತು. ಮೂರೂ ಮರಿಗಳು ಎದ್ದು ನಿಂತು ಮೂಗು ಮೇಲೆ ಮಾಡಿದವು.

"ಏ ಗಾಳಿ, ನಿನಗೆ ಬೇರೆ ಕೆಲಸ ಇಲ್ಲೇನು? ಆ ಕಡೆ ಹೋಗು," ಎಂದು ಬೈದಳು ಮಾಳವ್ವ.

"ಎಲ್ಲಾ ಕಡೆ ಹೋಗೋದೇ ನನ್ನ ಕೆಲಸ," ಅಂದಿತು ಗಾಳಿ.

ಮಾಳವ್ವ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಬೇಲಿಯ ಸುತ್ತ ಕಟ್ಟಿದಳು, ವಾಸನೆ ಒಳಗೆ ಬರಬಾರದೆಂದು. ಒಂದು ತಿಂಗಳು ಜಕ್ಕಪ್ಪ ಹೊದೆಯಲು ಏನೂ ಇಲ್ಲದೆ ಕುರಿಗಳ ನಡುವೆ ತೂರಿ ಮಲಗಿದ. ಅವನಿಗೆ ಶೀತ ಹಿಡಿದು, ಸೀನಿದಾಗಲೆಲ್ಲ ನೂರು ಕುರಿ ಬೆಚ್ಚಿಬಿದ್ದು ಎದ್ದು ನಿಲ್ಲುತ್ತಿದ್ದವು.

"ಇವನ್ನ ಬಯಲಿಗೆ ಬಿಡು, ಮಾಳಿ," ಅಂದ ಅವನು ಮೂಗು ಒರೆಸಿಕೊಳ್ಳುತ್ತ. "ಇವು ಕುರಿ ಅಲ್ಲ. ಇಲ್ಲೇ ಇದ್ರ ಒಣಗಿ ಸಾಯ್ತಾವ. ಇಲ್ಲಾ, ಒಂದು ದಿನ ಆಗಬಾರದ್ದು ಆಗ್ತೈತಿ. ಆಮ್ಯಾಲೆ ನೀನೇ ಇವುಗಳ ಮ್ಯಾಲೆ ಬಡಿಗಿ ಎತ್ತಬೇಕಾಗ್ತೈತಿ."

ಮಾಳವ್ವ ಕೇಳಿಸದವಳ ಹಾಗೆ ಅಂಬಲಿ ತಿರುವಿದಳು.

ಅಷ್ಟರಲ್ಲಿ ಬೋರಿ ಮತ್ತೆ ಈಯಿತು. ಬೆಳ್ಳನೆಯ ಗಂಡುಮರಿ. ಮೊಂಡಿ ಅದನ್ನು ಮೂಸಿದಳು. ಮೂಸಿ ದೂರ ಹೋದಳು. ಮತ್ತೆ ಬಂದು ಮೂಸಿದಳು. ಮೂರನೇ ಸಲ ಬಂದಾಗ ಆ ಮರಿಯ ಕುತ್ತಿಗೆ ಅವಳ ಬಾಯೊಳಗಿತ್ತು.

ಬೋರಿ ಹಿಂದೆ ಮುಂದೆ ನೋಡಲಿಲ್ಲ. ಓಡಿ ಬಂದು ಮೊಂಡಿಯ ಪಕ್ಕೆಗೆ ಒಂದು ಗುದ್ದು ಗುದ್ದಿತು. "ಅವ ನಿನ್ನ ತಮ್ಮ!"

ಮೊಂಡಿ ಬಾಯಿ ಬಿಟ್ಟಳು. ಮರಿಗೆ ಗಾಯ ಆಗಿರಲಿಲ್ಲ, ಮೈಯೆಲ್ಲ ಜೊಲ್ಲು ಅಷ್ಟೇ. ಮೊಂಡಿ ಮಾಳವ್ವನ ಹತ್ತಿರ ಬಂದು ತೊಡೆಯ ಮೇಲೆ ತಲೆ ಇಟ್ಟಳು.

"ಅವ್ವಾ, ನನ್ನ ಬಾಯಿ ನನ್ನ ಮಾತು ಕೇಳವಲ್ದು," ಅಂದಳು.

ಮರುದಿನ ಬೆಳಿಗ್ಗೆ ಮೂರೂ ಮರಿಗಳು ಬಂದು ಅವಳ ಮುಂದೆ ಸಾಲಾಗಿ ಕೂತವು. ಮಾಳವ್ವ ಅವುಗಳನ್ನು ಶಿಸ್ತಾಗಿ ಬೆಳೆಸಿದ್ದಳು. ಮನೆ ಬಿಟ್ಟು ಹೊರಡುವವರು ಹೇಳದೆ ಹೋಗಬಾರದು. ದೊಡ್ಡವರು "ಹೋಗಿ ಬರ್ರಿ" ಅಂದ ಮೇಲೆಯೇ ಹೊರಡಬೇಕು. ನೀನು ಮೊನ್ನೆ ಹೇಳದೆ ಕೇಳದೆ ಆಡಲು ಓಡಿದೆಯಲ್ಲ, ತೋಳದ ಮರಿಗಿರುವ ಬುದ್ಧಿ ನಿನಗಿಲ್ಲ.

"ಅವ್ವಾ, ಹೋಗಿ ಬರ್ತೀವಿ," ಅಂದ ಕೆಂಚ.

ಮಾಳವ್ವ ಬೀಸುಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದಳು. ತಲೆ ಎತ್ತಲಿಲ್ಲ. "ಕಲ್ಲಿನ ಸಪ್ಪಳ, ಏನೂ ಕೇಳಿಸವಲ್ದು," ಅಂದಳು.

ಮರಿಗಳು ಕಾದವು. ಅವಳು ಆ ದಿನವಿಡೀ ಬೀಸಿದಳು. ಮರುದಿನವೂ ಬೀಸಿದಳು. ಮನೆಯಲ್ಲಿದ್ದ ಜೋಳವೆಲ್ಲ ಹಿಟ್ಟಾಯಿತು. ಬೀಜಕ್ಕೆ ಇಟ್ಟಿದ್ದೂ ಹಿಟ್ಟಾಯಿತು. ಮೂರನೇ ದಿನ ಕಾಳು ಮುಗಿದು, ಮಾಳವ್ವ ಬರಿಯ ಕಲ್ಲು ತಿರುಗಿಸುತ್ತ ಕೂತಳು. ಜಕ್ಕಪ್ಪ ರೊಟ್ಟಿ ತಿಂದು ತಿಂದು ಗೋಡೆಗೆ ಒರಗಿದ್ದ.

"ಮಾಳಿ, ಒಂದು ಮಾತು ಅಂದುಬಿಡು," ಅಂದ.

"ನೀವೇ ಅನ್ರಿ."

ಜಕ್ಕಪ್ಪ ಅಂದ. ದೊಡ್ಡ ದನಿಯಲ್ಲೇ ಅಂದ, "ಹೋಗಿ ಬರ್ರಪ್ಪಾ." ಮರಿಗಳು ಅವನ ಕಡೆ ಮರ್ಯಾದೆಯಿಂದ ಬಾಲ ಆಡಿಸಿ, ಮತ್ತೆ ಅವ್ವನ ಕಡೆ ತಿರುಗಿ ಕೂತವು. ಸಣ್ಯಾನಿಗೆ ಕೂರಲೂ ಆಗುತ್ತಿರಲಿಲ್ಲ. ಹಸಿವಿನಿಂದ ಅವನ ಕಾಲು ಸೋತು, ಕೂತಲ್ಲೇ ಪಕ್ಕಕ್ಕೆ ವಾಲುತ್ತಿದ್ದ.

ಆಗ ಬೋರಿ ತನ್ನ ಮರಿಯನ್ನು ಹಿಂದೆ ಸರಿಸಿ, ಬೀಸುಕಲ್ಲಿನ ಎದುರು ಬಂದು ನಿಂತಿತು.

"ಇವಕ್ಕ ನಾನೂ ಹಾಲು ಕುಡಿಸೀನಿ. ನನಗೂ ಕರುಳು ಐತಿ," ಅಂದಿತು. "ನೀನು ಇವನ್ನ ಇಟ್ಟುಕೊಂಡರ ನನ್ನ ಮಗ ಹೋಗ್ತಾನ. ಇಲ್ಲಾ, ನಿನ್ನ ಸಣ್ಯಾ ಹೋಗ್ತಾನ. ಯಾರನ್ನ ಕೊಡ್ತಿ, ಹೇಳು."

ಕಲ್ಲು ನಿಂತಿತು.

ಮಾಳವ್ವ ಎದ್ದಳು. ಹೋಗಿ ಬೇಲಿಯ ಮುಳ್ಳುಬಾಗಿಲು ಎಳೆದಳು. ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂತು, ಅದರ ಕಡೆ ನೋಡಲಿಲ್ಲ. ಮೂರೂ ಮರಿಗಳ ತಲೆ ಸವರಿದಳು. "ಹೋಗಿ ಬರ್ರಿ" ಅನ್ನಲು ಬಾಯಿ ತೆರೆದಳು. ಗಂಟಲು ಕಟ್ಟಿತ್ತು. ಮಾತು ಬರಲಿಲ್ಲ. ಕೈಯಿಂದ ಬಯಲು ತೋರಿಸಿದಳು.

ಮರಿಗಳಿಗೆ ಅರ್ಥವಾಯಿತು, ಆದರೆ ಪೂರ್ತಿ ಅರ್ಥವಾಗಲಿಲ್ಲ. ಕೈ ಹೋಗು ಅನ್ನುತ್ತೆ, ಬಾಯಿ ಏನೂ ಅನ್ನುತ್ತಿಲ್ಲ. ಹತ್ತು ಹೆಜ್ಜೆ ಹೋದವು, ನಿಂತವು, ತಿರುಗಿ ನೋಡಿದವು. ಮಾಳವ್ವನ ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ಇನ್ನೂ ಹತ್ತು ಹೆಜ್ಜೆ ಹೋದವು, ನಿಂತವು, ತಿರುಗಿ ನೋಡಿದವು. ಮೊಂಡಿ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ದಿಬ್ಬದ ಮೇಲೆ ಹೋಗಿ ಇನ್ನೊಂದು ಸಲ ತಿರುಗಿದವು. ಆಮೇಲೆ ಹಸಿವು ಎಳೆದುಕೊಂಡು ಹೋಯಿತು.

ಅವು ದಿಬ್ಬದ ಆಚೆ ಇಳಿದ ಮೇಲೆ ಮಾಳವ್ವನ ಗಂಟಲು ಬಿಟ್ಟಿತು. "ಹೋಗಿ ಬರ್ರಪ್ಪೋ, ನನ್ನ ಮಕ್ಕಳ್ರಾ" ಎಂದು ಅವಳು ಕೂಗಿದ ಕೂಗಿಗೆ ಗುಡ್ಡಗಳು ಅದುರಿದವು. ಮರಿಗಳು ಆಗಲೇ ಮೊಲದ ಹಿಂದೆ ಓಡುತ್ತಿದ್ದವು. ಮೊಲದ ಹಿಂದೆ ಓಡುವಾಗ ತೋಳಕ್ಕೆ ಬೇರೇನೂ ಕೇಳಿಸುವುದಿಲ್ಲ.

ಜಕ್ಕಪ್ಪ ಬೇಲಿಯ ಕಂಬಳಿಗಳನ್ನೆಲ್ಲ ಬಿಚ್ಚಿ ತಂದ. ಒಂದನ್ನೂ ಹೊದೆಯಲಿಲ್ಲ. ಅವುಗಳಲ್ಲಿ ಮುಖ ಮುಚ್ಚಿಕೊಂಡು ಕೂತ. ಮಾಳವ್ವ ಕೇಳಿದ್ದಕ್ಕೆ, "ಶೀತ" ಅಂದ.

ತೋಳಗಳಿಗೆ ಮೈ ಬಂತು, ಮರಿಗಳಾದವು. ಮೊಂಡಿ ತನ್ನ ಮರಿಗಳಿಗೆ ಬೇಟೆ ಕಲಿಸಿದಳು, ಬೇಟೆಗಿಂತ ಮೊದಲು ಇನ್ನೊಂದು ಕಲಿಸಿದಳು: ಮನುಷ್ಯರು ಎದುರಾದರೆ ಹಲ್ಲು ತೋರಿಸದೆ ಹೊರಟುಬಿಡಿ, ಆದರೆ ಒಮ್ಮೆಲೇ ಹೋಗಬೇಡಿ, ನಿಂತು ನಿಂತು ಹೋಗಿ, ಅವ್ವನ ಮಾತು ಇನ್ನೂ ಬಾಕಿ ಇದೆ, ಈಗಲಾದರೂ ಅಂದಾಳು. ಆ ಮರಿಗಳು ತಮ್ಮ ಮರಿಗಳಿಗೆ ಕಲಿಸಿದವು. ಕುರಿ ಕಾಯುವವರು, ತೋಳ ಹಟ್ಟಿಗೆ ನುಗ್ಗಲು ಹೊಂಚು ಹಾಕುತ್ತಿದೆ ಎಂದು ಕಲ್ಲು ಎತ್ತುತ್ತಾರೆ. ಅವರಿಗೆ ಗೊತ್ತಿಲ್ಲ. ನಿನಗೆ ಈಗ ಗೊತ್ತಾಯಿತು.

ಅದಕ್ಕೇ ಇವತ್ತಿಗೂ ಹುಲ್ಲುಬಯಲಿನಲ್ಲಿ ನಮ್ಮನ್ನು ಕಂಡ ತೋಳ, ಹೊರಟು ಒಂದಷ್ಟು ದೂರ ಹೋಗಿ, ನಿಂತು, ತಿರುಗಿ, ನಮ್ಮ ಬಾಯನ್ನೇ ನೋಡುತ್ತೆ.