ಗಡಿಗೆ ತುಂಬ ಮಜ್ಜಿಗೆ

ಹೊಳೆಯ ಈಚೆ ದಡದಲ್ಲಿ ಗುರುತಾಯಿ ನಂಜವ್ವನವರ ಆಶ್ರಮ. ಆಚೆ ದಡದ ಐವರು ಹುಡುಗಿಯರು ಓದು ಬರಹ ಕಲಿಯಲು ಅಲ್ಲಿಗೆ ಬರುತ್ತಿದ್ದರು. ಅವರನ್ನು ಹರಿಗೋಲಿನಲ್ಲಿ ಕರೆತಂದು ಮರಳಿ ಬಿಡುವುದು ಶಿಷ್ಯ ನಿಂಗರಾಜನ ಕೆಲಸ. ಆ ಕೆಲಸವೆಂದರೆ ಅವನಿಗೆ ಪ್ರಾಣ.

ಒಂದು ಶನಿವಾರ ಅವನು ಮುಖ ಸಪ್ಪಗೆ ಮಾಡಿಕೊಂಡು ಬಂದ.

“ತಾಯಿ, ದೇವೀರಿಯ ಓದಿಗೂ ಇವತ್ತೇ ಕೊನೆಯಂತೆ.”

“ಯಾಕಂತೆ?”

“ನಾನು ಜ್ವರ ಬಂದು ಮಲಗಿದ್ದೆನಲ್ಲ, ಆ ಮೂರು ದಿನ ಹುಡುಗಿಯರು ದಡದಲ್ಲಿ ಕಾದು ಕಾದು ಮನೆಗೆ ಹೋದರು. ನಾಲ್ವರನ್ನು ಆಗಲೇ ಬಿಡಿಸಿದರು. ಈಗ ದೇವೀರಿಯ ಅಪ್ಪ ಚೆಲುವೇಗೌಡರೂ, ಹೆಣ್ಣುಮಗು ದಿನಾ ನಿನ್ನ ದಾರಿ ಕಾಯೋದು ಬೇಡಪ್ಪ, ಮನೇಲಿರಲಿ, ಮುಂದಿನ ವರ್ಷ ಗಂಡು ನೋಡ್ತೀವಿ ಅಂದರು. ಅವಳಿಗಿನ್ನೂ ಹನ್ನೆರಡು ತುಂಬಿಲ್ಲ ತಾಯಿ. ಇನ್ನು ಮೇಲೆ ಜ್ವರ ಬಂದರೂ ಎದ್ದು ಹೋಗುತ್ತೇನೆ.”

“ಅವಳಿಗೆ ಈಜು ಬರುತ್ತದೆಯೇ?”

“ನನಗಿಂತ ಚೆನ್ನಾಗಿ.”

“ಹುಟ್ಟು ಹಾಕಲು?”

“ಎಲ್ಲಿ ಬರುತ್ತೆ? ಕೈಗೆ ಕೊಟ್ಟರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತೆ. ಪಾಪ ಅಂತ ನಾನೇ ತಗೊಂಡುಬಿಡುತ್ತೇನೆ.”

ನಂಜವ್ವನವರು ನಕ್ಕರು. ಒಳಗೆ ಹೋಗಿ ಬಾಯಿಮಟ್ಟ ಮಜ್ಜಿಗೆ ತುಂಬಿದ ಗಡಿಗೆ ತಂದರು.

“ಇದನ್ನು ಚೆಲುವೇಗೌಡರಿಗೆ ಕೊಟ್ಟು ಬಾ. ಎರಡೂ ಕೈಯಲ್ಲಿ ಹಿಡಿದುಕೋ. ಆ ದಡ ಮುಟ್ಟುವವರೆಗೆ ಕೈ ತೆಗೆಯಬೇಡ.”

“ಹುಟ್ಟು ಯಾರು ಹಾಕುತ್ತಾರೆ?”

ಗುರುತಾಯಿ ಆಗಲೇ ಒಳಗೆ ಹೊರಟಿದ್ದರು.

ಮನೆಗೆ ಮರಳಲು ಹರಿಗೋಲು ಹತ್ತಿದ ದೇವೀರಿಯೇ ಹುಟ್ಟನ್ನು ತೆಗೆದುಕೊಂಡಳು. ಹರಿಗೋಲು ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ನಿಂಗರಾಜನ ಪಂಚೆಯ ಮೇಲೆಲ್ಲ ಮಜ್ಜಿಗೆ ಚೆಲ್ಲಿತು. ಹುಟ್ಟು ಕಿತ್ತುಕೊಳ್ಳಲು ಅವನ ಕೈ ತುರಿಸಿತು, ಆದರೆ ಗಡಿಗೆ ಬಿಡುವಂತಿಲ್ಲ.

“ಅಣ್ಣ, ಯಾಕಿಂಗೆ ತಿರುಗ್ತದೆ?”

“ಒಂದೇ ಕಡೆ ಹಾಕ್ತಿದ್ದೀಯ. ಮುಂದಕ್ಕೆ ಚಾಚಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ನಿನ್ನ ಕಡೆಗೆ ಎಳ್ಕೋ.”

ಎರಡು ವರ್ಷದಲ್ಲಿ ಅವನು ಅವಳಿಗೆ ಇದನ್ನು ಹೇಳಿದ್ದು ಅದೇ ಮೊದಲು.

ನಡುಹೊಳೆಯಲ್ಲಿ ಹರಿಗೋಲು ನೆಟ್ಟಗಾಯಿತು.

ದಡದಲ್ಲಿ ನಿಂತಿದ್ದ ಚೆಲುವೇಗೌಡರು ಗಡಿಗೆಯೊಳಗೆ ಬಗ್ಗಿ ನೋಡಿದರು.

“ಇದೇನಪ್ಪ, ಅರ್ಧಾನೂ ಇಲ್ಲ?”

“ನಾನೇ ಹುಟ್ಟು ಹಾಕ್ದೆ ಅಪ್ಪ,” ಎಂದಳು ದೇವೀರಿ. “ಇನ್ ಮೇಲೆ ಯಾರ ದಾರೀನೂ ಕಾಯಾಕಿಲ್ಲ.”

ಚೆಲುವೇಗೌಡರು ಉಳಿದ ಮಜ್ಜಿಗೆಯನ್ನು ನಿಧಾನವಾಗಿ ಕುಡಿದರು. ಹೊಳೆಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು.

“ಸೋಮವಾರ ಹೊತ್ತಾರೆನೇ ಹೊರಡು. ಬಿಸಿಲೇರ್ತದೆ.”

ದೇವೀರಿ ನಿಂಗರಾಜನನ್ನು ಈಚೆ ದಡಕ್ಕೆ ತಂದು ಬಿಟ್ಟು, ಹರಿಗೋಲಿನಲ್ಲಿ ಒಬ್ಬಳೇ ಮರಳಿದಳು. ಅವಳು ದಡ ಮುಟ್ಟುವವರೆಗೆ ಅವನು ಉಸಿರು ಬಿಗಿಹಿಡಿದು ನಿಂತಿದ್ದ.

ದೇವೀರಿ ಒಬ್ಬಳೇ ಹೊಳೆ ದಾಟಿದ ಸುದ್ದಿ ಕೇಳಿ ಉಳಿದ ನಾಲ್ವರ ಮನೆಯವರೂ ಒಪ್ಪಿದರು. ಸೋಮವಾರ ಹರಿಗೋಲಿನಲ್ಲಿ ಐವರೂ ಇದ್ದರು. ಹುಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು. ಹರಿಗೋಲು ತಿರುಗಿದಾಗಲೆಲ್ಲ ನಗು ಈಚೆ ದಡಕ್ಕೂ ಕೇಳುತ್ತಿತ್ತು.

ನಿಂಗರಾಜನಿಗೆ ಹೊಟ್ಟೆ ತುಂಬಿದಂತಾಯಿತು. ಸುಳ್ಳು ಯಾಕೆ, ಕೊಂಚ ಬೇಜಾರೂ ಆಯಿತು.

“ತಾಯಿ, ನನಗಿನ್ನೇನು ಕೆಲಸ?”

ನಂಜವ್ವನವರು ಖಾಲಿ ಗಡಿಗೆಯನ್ನು ಅವನ ಕೈಗಿಟ್ಟರು.

“ಹುಟ್ಟು ಹಾಕಿಕೊಂಡು ಬರುತ್ತಿದ್ದಾರೆ, ಬಾಯಾರಿರುತ್ತದೆ. ಹೋಗಿ ಮಜ್ಜಿಗೆ ಕಡೆದು ತಾ.”